ದಿನಕ್ಕೊಂದು ಷರಾ: ಬರೆಯುವ ಅಭ್ಯಾಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವಾಗ ಮುಖ್ಯರಸ್ತೆ ಬಿಟ್ಟು ಎರಡು ಮೈಲಿ ಒಳಗೆ ನಮ್ಮ ಮನೆ. ತಿಂಗಳ ಎರಡನೆಯ ಭಾನುವಾರ ಜಗಲಿಯಲ್ಲಿ ಹತ್ತು ಹನ್ನೆರಡು ಜನ ಸೇರುತ್ತೇವೆ. ತೋಟದವರು, ಇಬ್ಬರು ಶಿಕ್ಷಕಿಯರು, ಒಬ್ಬ ಬಸ್ ನಿರ್ವಾಹಕರು, ಕಾಲೇಜಿಗೆ ಹೋಗುವ ಮೂರು ನಾಲ್ಕು ಮಕ್ಕಳು. ಬರೆದುಕೊಂಡು ಬಂದದ್ದನ್ನು ಓದುವುದು, ಅವಲಕ್ಕಿ ತಿನ್ನುವುದು, ಕತ್ತಲಾಗುವ ಮೊದಲು ಹೊರಡುವುದು. ಈ ಕೂಟಕ್ಕೆ ಹೆಸರಿಲ್ಲ, ಅಧ್ಯಕ್ಷರಿಲ್ಲ. ಹಾಗಾಗಿಯೇ ಇಷ್ಟು ವರ್ಷ ಒಡೆಯದೆ ಉಳಿದಿದೆ. ಹೊಸಬರು ಬಂದಾಗಲೆಲ್ಲ ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಉತ್ತರಗಳನ್ನು ಒಂದೆಡೆ ಬರೆದಿಟ್ಟಿದ್ದೇನೆ. ನಾನು ಸಾಹಿತಿಯಲ್ಲ, ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವವಳು. ಉತ್ತರಗಳಿಗೂ ಸ್ವಲ್ಪ ಲೆಕ್ಕದ ವಾಸನೆ ಇದ್ದೀತು.

ಶಾಲೆ ಬಿಟ್ಟ ಮೇಲೆ ಒಂದು ಪುಟವನ್ನೂ ಬರೆದಿಲ್ಲ. ಎಲ್ಲಿಂದ ಆರಂಭಿಸಲಿ?

ಮಳೆ ಲೆಕ್ಕದಿಂದ.

ನಮ್ಮ ಮಾವನವರು ಏಳನೆಯ ತರಗತಿಯವರೆಗೆ ಓದಿದವರು. ಅಂಗಳದಲ್ಲಿ ಮರದ ಹನಿ ಬೀಳದ ಜಾಗ ನೋಡಿ ಒಂದು ಕಂಬ ನೆಟ್ಟು ಅದಕ್ಕೆ ಮಳೆಮಾಪಕ ಕಟ್ಟಿದ್ದರು. ಬೆಳಿಗ್ಗೆ ಎಂಟೂವರೆಗೆ, ಹವಾಮಾನ ಇಲಾಖೆಯವರು ಅಳೆಯುವ ಹೊತ್ತಿಗೆ ಸರಿಯಾಗಿ, ಹೋಗಿ ನೋಡಿ, ನೀರು ಚೆಲ್ಲಿ, ಒಳಗೆ ಬಂದು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಿದ್ದರು. ಅದರಲ್ಲಿ ಮೂರು ಅಂಕಣ: ತಾರೀಖು, ಮಳೆ, ಷರಾ. ಮಳೆಯನ್ನು ಹಳೆಯ ತೋಟಗಾರರ ಹಾಗೆ ಇಂಚು, ಸೆಂಟ್ಸ್ (ಇಂಚಿನ ನೂರನೆಯ ಒಂದು ಭಾಗ) ಲೆಕ್ಕದಲ್ಲಿ ಬರೆಯುತ್ತಿದ್ದರು. ಷರಾ ಅಂಕಣದಲ್ಲಿ ಮೊದಮೊದಲು ಏನೂ ಇರಲಿಲ್ಲ. ಆಮೇಲೆ ‘ಗಾಳಿ’, ‘ಗುಡುಗು’ ಎಂದು ಒಂದೊಂದು ಮಾತು ಸೇರಿತು. ನಾಲ್ಕೈದು ವರ್ಷ ಕಳೆಯುವಷ್ಟರಲ್ಲಿ ‘ಹಳ್ಳ ತುಂಬಿ ಮಕ್ಕಳು ಶಾಲೆಗೆ ಹೋಗಲಿಲ್ಲ’, ‘ಗೌರಿ ಕರು ಹಾಕಿತು, ಹೆಣ್ಣು’, ‘ಭಾವ ಬಂದವನು ಊಟ ಮಾಡದೆ ಹೋದ’ ಎಂದೆಲ್ಲ ಬರತೊಡಗಿತು. ಭಾವ ಯಾಕೆ ಊಟ ಮಾಡದೆ ಹೋದ ಎಂಬುದು ಮನೆಯಲ್ಲಿ ಇಂದಿಗೂ ಯಾರಿಗೂ ಗೊತ್ತಿಲ್ಲ. ನನಗಂತೂ ಅದೊಂದು ಕಾದಂಬರಿಯ ಮೊದಲ ಸಾಲಿನಂತೆ ಕಾಣುತ್ತದೆ.

ಹೊಸದಾಗಿ ಮದುವೆಯಾಗಿ ಬಂದ ವರ್ಷ ಜನವರಿಯಲ್ಲಿ ಅವರು ದಿನವೂ ಮಾಪಕದ ಬಳಿ ಹೋಗಿ ಬಗ್ಗಿ ನೋಡಿ ಬಂದು 0 ಎಂದು ಬರೆಯುವುದನ್ನು ಕಂಡೆ. ಒಂದು ದಿನ ಕೇಳಿಯೇಬಿಟ್ಟೆ: ‘ಮಾವಯ್ಯ, ಇಷ್ಟು ಬಿಸಿಲಿರುವಾಗ ಹೋಗಿ ನೋಡುವುದೇಕೆ?’ ಅವರು ಪೆನ್ನಿನ ಮುಚ್ಚಳ ಹಾಕುತ್ತ, ‘ನೋಡದೆ 0 ಬರೆದರೆ ಅದು ಸುಳ್ಳು ಲೆಕ್ಕ’ ಎಂದರು.

ನೀವೂ ಹಾಗೆಯೇ ಆರಂಭಿಸಿ. ತಾರೀಖು ಹಾಕಿ, ಕಂಡ ಒಂದು ಸಂಗತಿಯನ್ನು ಒಂದು ಸಾಲಿನಲ್ಲಿ ಬರೆಯಿರಿ. ಮೊದಲ ತಿಂಗಳು ಎರಡನೆಯ ಸಾಲು ಬರೆಯಬೇಕೆಂಬ ಹಟ ಬೇಡ, ಬಂದರೆ ಬರಲಿ. ಏನೂ ಕಾಣಲಿಲ್ಲವಾದರೆ ‘ಇಂದು ಏನೂ ಇಲ್ಲ’ ಎಂದು ಬರೆಯಿರಿ. ಆದರೆ ಅದಕ್ಕೆ ಮೊದಲು ಒಮ್ಮೆ ಹೋಗಿ ನೋಡಿರಬೇಕು.

21 ದಿನ ಬಿಡದೆ ಬರೆದರೆ ಅಭ್ಯಾಸವಾಗಿಬಿಡುತ್ತದಂತೆ. ನಿಜವೇ?

ಈ 21ರ ಕಥೆ ಹುಟ್ಟಿದ್ದು ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅವರಿಂದ. ಶಸ್ತ್ರಚಿಕಿತ್ಸೆಯಾದವರಿಗೆ ತಮ್ಮ ಹೊಸ ಮುಖ ರೂಢಿಯಾಗಲು ಕನಿಷ್ಠ 21 ದಿನ ಹಿಡಿಯುತ್ತದೆ ಎಂದು ಅವರು 1960ರಲ್ಲಿ ಬರೆದರು. ಬಾಯಿಂದ ಬಾಯಿಗೆ ಹೋಗುವಾಗ ‘ಕನಿಷ್ಠ’ ಉದುರಿತು, ಮುಖವೂ ಉದುರಿತು, ಎಲ್ಲ ಅಭ್ಯಾಸಕ್ಕೂ 21 ದಿನ ಎಂದಾಯಿತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕಿಂತ ನಂಬಿಕೆಗೆ ಅರ್ಹ. 96 ಜನ ಊಟ, ನೀರು, ವ್ಯಾಯಾಮಗಳಿಗೆ ಸಂಬಂಧಿಸಿದ ಒಂದೊಂದು ಹೊಸ ಕೆಲಸವನ್ನು ದಿನವೂ ಮಾಡಲು ತೊಡಗಿದರು. ಅದು ತಾನಾಗಿ ನಡೆಯುವಂತಾಗಲು ಸುಮಾರು 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕೆಂದು ಕಂಡಿತು. ಇನ್ನು ಕೆಲವರಿಗೆ 254 ದಿನ ಬೇಕೆಂದು ಲೆಕ್ಕ ಬಂತು. ಬರವಣಿಗೆ ಆ ಪಟ್ಟಿಯಲ್ಲಿ ಇರಲಿಲ್ಲ. ಒಂದು ಲೋಟ ನೀರು ಕುಡಿಯುವುದಕ್ಕಿಂತ ಒಂದು ಪುಟ ಬರೆಯುವುದು ಕಷ್ಟ ಎಂಬುದನ್ನು ನೀವೇ ಸೇರಿಸಿಕೊಳ್ಳಿ. ನಮಗೆ ನೆಮ್ಮದಿ ಕೊಡುವ ಮಾತೂ ಅದರಲ್ಲಿದೆ: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕೂಡುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯಾಗಲಿಲ್ಲ.

ಮೃಗಶಿರ ಮಳೆಗೆ, ಅಂದರೆ ಜೂನ್ ಎರಡನೆಯ ವಾರದ ಹೊತ್ತಿಗೆ ಆರಂಭಿಸಿದರೆ 66 ದಿನ ಮುಗಿಯುವುದು ಆಶ್ಲೇಷ ಮಳೆಯಲ್ಲಿ. ಒಂದು ಮಳೆಗಾಲದ ಅರ್ಧಕ್ಕಿಂತ ಹೆಚ್ಚು ಎಂದು ಇಟ್ಟುಕೊಳ್ಳಿ.

ಬರೆಯಲು ಬೆಳಿಗ್ಗೆ ಒಳ್ಳೆಯದೋ ರಾತ್ರಿಯೋ?

ಗಡಿಯಾರಕ್ಕಿಂತ ಕೆಲಸದ ಬಾಲಕ್ಕೆ ಕಟ್ಟುವುದು ಒಳ್ಳೆಯದು. ‘ಬೆಳಿಗ್ಗೆ ಆರಕ್ಕೆ’ ಎಂದರೆ ಆರು ಗಂಟೆಗೆ ಕರೆಂಟ್ ಇರುವುದಿಲ್ಲ, ಮಗುವಿಗೆ ಕೆಮ್ಮು, ಹಾಲಿನವನು ಬಂದ. ‘ಹಾಲು ಕರೆದು ಕೈ ತೊಳೆದ ಕೂಡಲೇ’ ಎಂದರೆ, ಹಾಲು ಕರೆಯುವುದು ಎಂದೂ ತಪ್ಪುವುದಿಲ್ಲವಾದ್ದರಿಂದ ಬರೆಯುವುದೂ ತಪ್ಪುವುದಿಲ್ಲ. ನಮ್ಮ ನಿರ್ವಾಹಕರು ಕೊನೆಯ ಟ್ರಿಪ್ಪಿನ ಹಣ ಎಣಿಸಿ ಮುಗಿಸಿದ ಮೇಲೆ, ಬಸ್ಸಿನಲ್ಲೇ ಕುಳಿತು, ಬರೆಯುತ್ತಾರೆ. ನಾನು ಬಚ್ಚಲ ಒಲೆಗೆ ಬೆಂಕಿ ಹಾಕಿ ಹಂಡೆಯ ನೀರು ಕಾಯುವವರೆಗೆ ಬರೆಯುತ್ತೇನೆ. ಮಳೆಗಾಲದಲ್ಲಿ ಸೌದೆ ಹಸಿಯಾಗಿ ನೀರು ಕಾಯುವುದು ತಡ. ನನ್ನ ಉದ್ದದ ಬರಹಗಳೆಲ್ಲ ಜುಲೈನವು.

ಆಂಥೊನಿ ಟ್ರಾಲೊಪ್ ಎಂಬ ಇಂಗ್ಲಿಷ್ ಕಾದಂಬರಿಕಾರ ಅಂಚೆ ಇಲಾಖೆಯ ನೌಕರನಾಗಿದ್ದ. ಬೆಳಿಗ್ಗೆ ಐದೂವರೆಗೆ ಮೇಜಿಗೆ ಕುಳಿತು, ಗಡಿಯಾರ ಎದುರಿಗಿಟ್ಟು, ಕಾಲು ಗಂಟೆಗೆ 250 ಪದಗಳಂತೆ ಮೂರು ಗಂಟೆ ಬರೆದು ಆಮೇಲೆ ಕಚೇರಿಗೆ ಹೋಗುತ್ತಿದ್ದ. ಆ ಹೊತ್ತಿಗೆ ಎಬ್ಬಿಸಿ ಕಾಫಿ ಕೊಡಲು ಆಳಿಗೆ ವರ್ಷಕ್ಕೆ 5 ಪೌಂಡ್ ಹೆಚ್ಚು ಕೊಡುತ್ತಿದ್ದನೆಂದು ಅವನೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ನಮ್ಮ ಮನೆಯಲ್ಲಿ ಐದೂವರೆಗೆ ಎದ್ದು ಎಲ್ಲರಿಗೂ ಕಾಫಿ ಕೊಡುವವಳು ನಾನೇ. ಹೆಚ್ಚುವರಿ ಏನೂ ಸಿಗುವುದಿಲ್ಲ. ಆದ್ದರಿಂದ ದೊಡ್ಡವರ ದಿನಚರಿಗಳನ್ನು ಓದುವಾಗ ಅವರ ಕಾಫಿ ಯಾರು ಮಾಡುತ್ತಿದ್ದರು ಎಂಬುದನ್ನೂ ನೋಡಿಕೊಳ್ಳಿ.

ಅಡಿಕೆ ಕೊಯ್ಲಿನಲ್ಲಿ ಉಸಿರಾಡಲು ಬಿಡುವಿಲ್ಲ. ಆಗ ಏನು ಮಾಡುವುದು?

ಒಂದು ಸಾಲು. ದೀಪಾವಳಿಯ ಆಸುಪಾಸಿನಿಂದ ಸಂಕ್ರಾಂತಿ ದಾಟುವವರೆಗೆ ಅಡಿಕೆ ಕೊನೆ (ಗೊನೆ) ಇಳಿಸುವುದು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಬಿಟ್ಟು ನಮ್ಮಲ್ಲಿ ಬೇರೆ ಮಾತಿಲ್ಲ. ಆ ದಿನಗಳಲ್ಲಿ ಪುಟಗಟ್ಟಲೆ ಬರೆಯುತ್ತೇನೆ ಎನ್ನುವವರನ್ನು ನಾನು ನಂಬುವುದಿಲ್ಲ. ಸುಲಿತದ ರಾತ್ರಿ ಮೆಟ್ಟುಗತ್ತಿಯ ಮುಂದೆ ಕುಳಿತವರು ಆಡುವ ಒಂದು ಮಾತನ್ನು ಮಲಗುವ ಮೊದಲು ಬರೆದಿಟ್ಟರೆ ಸಾಕು. ಚೊಗರು ಹಿಡಿದ ಬೆರಳಿನ ಗುರುತು ಪುಟಕ್ಕೆ ಹತ್ತುತ್ತದೆ. ನನ್ನ ಪುಸ್ತಕಗಳಲ್ಲಿ ಡಿಸೆಂಬರ್ ಯಾವುದೆಂದು ತೆರೆದ ಕೂಡಲೇ ತಿಳಿಯುವುದು ಆ ಕಂದು ಕಲೆಗಳಿಂದಲೇ.

ಬರೆಯುವುದಕ್ಕೆ ಇಲ್ಲಿ ಏನಿದೆ? ನಮ್ಮೂರಿನಲ್ಲಿ ಏನೂ ನಡೆಯುವುದಿಲ್ಲ.

ಈ ಪ್ರಶ್ನೆ ಕೇಳಿದ ಮರುಕ್ಷಣವೇ ಅರ್ಧ ಗಂಟೆ ಊರಿನ ಸುದ್ದಿ ಹೇಳುವವರನ್ನು ನಾನು ಬಹಳ ನೋಡಿದ್ದೇನೆ. ತೊಂದರೆ ಬೇರೆಯೇ. ಪೆನ್ನು ಹಿಡಿದ ಕೂಡಲೇ ನಮಗೆ ಶಾಲೆಯ ಪ್ರಬಂಧದ ಭೂತ ಬಡಿಯುತ್ತದೆ.

ಕಾಲೇಜಿನ ಹುಡುಗನೊಬ್ಬ ಮೊದಲ ಸಲ ಓದಿದ್ದು ಹೀಗಿತ್ತು: ‘ಮಲೆನಾಡಿನ ಮಳೆ ಪ್ರಕೃತಿಯ ಅದ್ಭುತ ಕೊಡುಗೆ. ಎಲ್ಲೆಲ್ಲೂ ಹಚ್ಚ ಹಸುರು. ಮಂಜು ಮುಸುಕಿದ ಬೆಟ್ಟಗಳು ಮನಸ್ಸಿಗೆ ಮುದ ನೀಡುತ್ತವೆ.’ ಯಾರೂ ಏನೂ ಅನ್ನಲಿಲ್ಲ. ನಮ್ಮ ಶಿಕ್ಷಕಿಯೊಬ್ಬರು ಮಾತ್ರ, ‘ನಿನ್ನೆ ಬೆಳಿಗ್ಗೆ ಕಾಲೇಜಿಗೆ ಹೊರಟಾಗ ಏನಾಯಿತು, ಅದನ್ನು ಹೇಳು’ ಎಂದರು. ಹೇಳಿದ. ‘ಅದನ್ನೇ ಬರೆ’ ಎಂದರು. ಮುಂದಿನ ತಿಂಗಳು ತಂದದ್ದು ಇದು:

‘ಒಗೆದ ಸಾಕ್ಸ್ ಮೂರು ದಿನವಾದರೂ ಒಣಗಿರಲಿಲ್ಲ. ಅಮ್ಮ ರಾತ್ರಿ ಅವನ್ನು ಬಚ್ಚಲ ಒಲೆಯ ಮೇಲಿನ ತಂತಿಗೆ ಹಾಕಿದ್ದಳು. ಬೆಳಿಗ್ಗೆ ಒಣಗಿದ್ದವು, ಆದರೆ ಹೊಗೆ ವಾಸನೆ. ತರಗತಿಯಲ್ಲಿ ಕಾಲನ್ನು ಬೆಂಚಿನ ಕೆಳಗೆ ಎಳೆದುಕೊಂಡು ಕುಳಿತೆ. ಸ್ವಲ್ಪ ಹೊತ್ತಿಗೆ ಪಕ್ಕದವನೂ ಕಾಲು ಎಳೆದುಕೊಂಡ.’

ಮಂಜೂ ಇಲ್ಲ, ಬೆಟ್ಟವೂ ಇಲ್ಲ, ಆದರೆ ಮಳೆ ಪೂರ್ತಿ ಬಂದಿದೆ. ಓದಿ ಮುಗಿಸಿದಾಗ ಜಗಲಿಯಲ್ಲಿದ್ದವರೆಲ್ಲ ತಮ್ಮ ತಮ್ಮ ಕಾಲು ನೋಡಿಕೊಂಡರು.

ಇನ್ನೊಬ್ಬರು ಅರವತ್ತು ದಾಟಿದ ತೋಟಗಾರರು. ‘ನನಗೆ ಏನು ಗೊತ್ತು, ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸುವುದು ಗೊತ್ತು’ ಎಂದರು. ಸರಿ, ಅದನ್ನೇ ಬರೆಯಿರಿ ಎಂದೆವು. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಇದು ಎಲ್ಲ ಕರಪತ್ರಗಳಲ್ಲೂ ಇದೆ. ಅವರು ಬರೆದದ್ದು ಅದರ ಮುಂದಿನದು: ಹೊಳೆಯುವ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ತೆಗೆಯುವುದು, ಅಲಗಿಗೆ ಕೆಂಪು ಹಿಡಿದರೆ ತಾಮ್ರ ಇನ್ನೂ ಸುಣ್ಣದೊಂದಿಗೆ ಕೂಡದೆ ಉಳಿದಿದೆ ಎಂದರ್ಥ, ಇನ್ನಷ್ಟು ಸುಣ್ಣದ ತಿಳಿ ಹಾಕುವುದು. ಅಪ್ಪ ಆ ಕತ್ತಿಯನ್ನು ಹಿಡಿದು ಬೆಳಕಿಗೆ ತಿರುಗಿಸಿ ನೋಡುತ್ತಿದ್ದ ಬಗೆ, ಆಗ ಯಾರೂ ಮಾತಾಡಬಾರದೆಂಬ ನಿಯಮ, ಮೋಡದಲ್ಲಿ ಬೆಳಕೇ ಇಲ್ಲದ ದಿನ ಅಪ್ಪ ಕತ್ತಿ ಹಿಡಿದು ರಸ್ತೆಯವರೆಗೆ ನಡೆದುಹೋದದ್ದು. ಎರಡು ಪುಟವಾಯಿತು. ಅವರಿಗೇ ಆಶ್ಚರ್ಯ. ಕೈಗೆ ಗೊತ್ತಿರುವ ಕೆಲಸದಿಂದ ಹೊರಟರೆ ಪದಗಳು ತಾವಾಗಿ ಜೊತೆಗೆ ಬರುತ್ತವೆ ಎಂಬುದನ್ನು ನಾನು ಕಲಿತದ್ದು ಅಂದು, ಅವರಿಂದ.

ಕುಪ್ಪಳಿ ಹತ್ತಿರ, ಮೇಳಿಗೆ ಹತ್ತಿರ. ಅಂಥವರ ನೆಲದಲ್ಲಿ ನಾವು ಬರೆಯಲು ನಾಚಿಕೆಯಾಗುತ್ತದೆ.

ಇದು ನಮ್ಮ ತಾಲ್ಲೂಕಿನ ಕಾಯಿಲೆ. ಒಂದು ಕಡೆ ಕುವೆಂಪು, ಒಂದು ಕಡೆ ಅನಂತಮೂರ್ತಿ, ಒಂದೇ ತಾಲ್ಲೂಕಿಗೆ ಎರಡು ಜ್ಞಾನಪೀಠ: 1967ರದು, 1994ರದು. ಭಾಷಣಕಾರರು ‘ಇಂಥ ಪುಣ್ಯಭೂಮಿ’ ಎಂದು ಆರಂಭಿಸಿದರೆ ಎದುರಿಗೆ ಕುಳಿತವರು ಕಿಸೆಯಲ್ಲಿದ್ದ ಹಾಳೆಯನ್ನು ಇನ್ನೂ ಒಳಕ್ಕೆ ತಳ್ಳುತ್ತಾರೆ.

ಕುವೆಂಪು ಅವರ ಪ್ರತಿಭೆಯನ್ನು ಎರವಲು ತರಲಾಗುವುದಿಲ್ಲ, ದುಡಿಮೆಯನ್ನಾದರೂ ನೋಡಬಹುದು. ಶ್ರೀ ರಾಮಾಯಣ ದರ್ಶನಂ ಬರೆಯಲು ಅವರು ತೆಗೆದುಕೊಂಡದ್ದು ಸುಮಾರು ಒಂಬತ್ತು ವರ್ಷ. ಅಷ್ಟು ವರ್ಷಗಳ ಪ್ರತಿ ಬೆಳಿಗ್ಗೆಯೂ ಸರಸ್ವತಿ ತಾನಾಗಿ ಬಂದು ಬಾಗಿಲು ತಟ್ಟಿದಳೆಂದು ನನಗನ್ನಿಸುವುದಿಲ್ಲ. ಅದೂ ಅಲ್ಲದೆ ನಾವು ಬರೆಯುತ್ತಿರುವುದು ಮಹಾಕಾವ್ಯವಲ್ಲ, ಷರಾ.

ನನಗೆ ಐವತ್ತಾಯಿತು. ಇನ್ನು ಬರೆದು ಏನಾಗಬೇಕು?

ಎಂ.ಕೆ. ಇಂದಿರಾ ಹುಟ್ಟಿದ್ದು ತೀರ್ಥಹಳ್ಳಿಯಲ್ಲಿ, 1917ರಲ್ಲಿ. ಶಾಲೆ ಏಳು ವರ್ಷದ್ದು, ಮದುವೆ ಹನ್ನೆರಡನೆಯ ವಯಸ್ಸಿಗೆ. ಬರೆಯಲು ತೊಡಗಿದ್ದು ನಲವತ್ತೈದರ ಹೊತ್ತಿಗೆ, ಮೊದಲ ಕಾದಂಬರಿ ‘ತುಂಗಭದ್ರ’ ಬಂದದ್ದು 1963ರಲ್ಲಿ. ‘ಫಣಿಯಮ್ಮ’ ಪ್ರಕಟವಾದ 1976ರಲ್ಲಿ ಅವರಿಗೆ ಅರವತ್ತು ಹತ್ತಿರ. ಆ ನಲವತ್ತೈದು ವರ್ಷ ಅವರು ಸುಮ್ಮನಿರಲಿಲ್ಲ, ಕೇಳಿಸಿಕೊಳ್ಳುತ್ತಿದ್ದರು. ನೀವೂ ಐವತ್ತು ವರ್ಷದಿಂದ ಕೇಳಿಸಿಕೊಂಡಿದ್ದೀರಿ. ಮುಂದಿನ ಪ್ರಶ್ನೆಗೆ ಹೋಗೋಣ.

ಮನೆಯಲ್ಲಿ ಆಡುವ ಮಾತಿನಲ್ಲಿ ಬರೆಯಲೋ, ಪುಸ್ತಕದ ಭಾಷೆಯಲ್ಲೋ?

ನಾಲಿಗೆಗೆ ಯಾವುದು ಬರುತ್ತದೋ ಅದರಲ್ಲಿ. ಆದರೆ ವಸ್ತುಗಳಿಗೆ ನಮ್ಮಲ್ಲಿರುವ ಹೆಸರನ್ನು ಬಿಡಬೇಡಿ. ಇಂಬಳವನ್ನು ‘ರಕ್ತ ಹೀರುವ ಜೀವಿ’ ಎಂದೂ ಗೊರಬನ್ನು ‘ಸಾಂಪ್ರದಾಯಿಕ ಮಳೆರಕ್ಷಕ’ ಎಂದೂ ಬರೆದವರಿಗೆ ನಮ್ಮ ಜಗಲಿಯಲ್ಲಿ ಅವಲಕ್ಕಿ ಕೊಡುವುದಿಲ್ಲ.

ಪುಸ್ತಕದಲ್ಲಿ ಬರೆಯುವುದೋ, ಮೊಬೈಲಿನಲ್ಲೋ?

ಎರಡಕ್ಕೂ ಮಳೆಯೇ ವೈರಿ. ಆಷಾಢ, ಶ್ರಾವಣದಲ್ಲಿ ಕಾಗದ ತೇವ ಹೀರಿ ಹಪ್ಪಳದ ಹಿಟ್ಟಿನಂತೆ ಮೆತ್ತಗಾಗುತ್ತದೆ. ಶಾಯಿ ಪೆನ್ನು, ಜೆಲ್ ಪೆನ್ನು ಎರಡೂ ಹರಡುತ್ತವೆ, ಬಾಲ್ ಪೆನ್ನು ತಡೆದುಕೊಳ್ಳುತ್ತದೆ. ಪುಸ್ತಕವನ್ನು ಕಪಾಟಿನಲ್ಲಿಟ್ಟರೆ ಬೂಷ್ಟು ಖಂಡಿತ. ನಾನು ಡಬ್ಬಿಯಲ್ಲಿ, ಹಪ್ಪಳದ ಜೊತೆ ಇಡುತ್ತೇನೆ. ನಗಬೇಡಿ, ಮನೆಯಲ್ಲಿ ಅತ್ಯಂತ ಒಣಗಿರುವ ಜಾಗ ಅದೊಂದೇ.

ಮೊಬೈಲಿನಲ್ಲಾದರೆ ಮಾತಾಡಿದ್ದು ಅಕ್ಷರವಾಗುವ ಸೌಲಭ್ಯ ಕನ್ನಡಕ್ಕೂ ಇದೆ. ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಅದು ಏನನ್ನು ಕೇಳಿಸಿಕೊಳ್ಳುತ್ತದೋ ದೇವರಿಗೇ ಗೊತ್ತು, ಒಮ್ಮೆ ನನ್ನ ‘ಕಳಲೆ ಪಲ್ಯ’ವನ್ನು ‘ಗಲಭೆ ಪಲ್ಯ’ ಮಾಡಿತ್ತು. ಕಂಪ್ಯೂಟರಿನಲ್ಲಿ ಬರೆಯುವವರು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಕಲಿಯುವುದು ಒಳ್ಳೆಯದು. ನುಡಿ ತಂತ್ರಾಂಶ ನಿಂತಿರುವುದು ಅದರ ಮೇಲೆಯೇ. ಒತ್ತಕ್ಷರ ಬೇಕಾದಾಗ ನಡುವೆ ‘ಎಫ್’ ಒತ್ತುವುದೊಂದು ಕೈಗೆ ಕೂತರೆ ಉಳಿದದ್ದು ವಾರದ ಕೆಲಸ. ಹೊಸದಾಗಿ ಬರೆಯುವವರು ಯೂನಿಕೋಡ್‌ನಲ್ಲೇ ಬರೆಯಿರಿ. ಹಳೆಯ ಫಾಂಟಿನಲ್ಲಿದ್ದ ನನ್ನ ಎರಡು ವರ್ಷದ ಬರಹ ಮೊಬೈಲಿಗೆ ಹಾಕಿದಾಗ ಬರೀ ಗೆರೆ, ಬರೀ ಚುಕ್ಕಿ.

ಹೇಳಿದರೆ ಮೊಬೈಲೇ ಲೇಖನ ಬರೆದುಕೊಡುತ್ತದಲ್ಲ, ಮತ್ತೆ ನಾವೇಕೆ ಬರೆಯಬೇಕು?

ಕೊಡುತ್ತದೆ. ಅರ್ಜಿ ಬರೆಯಲು ನಾನೂ ಬಳಸುತ್ತೇನೆ. ಮಳೆ ಎಷ್ಟಾಯಿತೆಂದೂ ಅದು ಹೇಳುತ್ತದೆ, ತೀರ್ಥಹಳ್ಳಿಗೆ. ನಮ್ಮ ಅಂಗಳದ ಲೆಕ್ಕ ಬೇಕೆಂದರೆ ಅಂಗಳಕ್ಕೆ ಇಳಿಯಲೇಬೇಕು.

ನೆಂಟರು, ನೆರೆಯವರ ಬಗ್ಗೆ ಬರೆಯಬಹುದೇ?

ಬರೆಯಬಹುದು. ಓದುವುದರ ಬಗ್ಗೆ ಎಚ್ಚರವಿರಲಿ. ಬೇಲಿ ಪ್ರತಿ ವರ್ಷ ಒಂದು ಗೇಣು ಇತ್ತ ಸರಿಯುವುದರ ಬಗ್ಗೆ ನಾನೊಮ್ಮೆ ಬರೆದೆ. ಹೆಸರು ಬದಲಿಸಿದ್ದೆ, ಊರೂ ಬದಲಿಸಿದ್ದೆ. ಆದರೆ ಅವರ ಮನೆಯ ಮೂರು ಕಾಲಿನ ನಾಯಿಯನ್ನು ಬದಲಿಸಲು ಮನಸ್ಸು ಬರಲಿಲ್ಲ, ಬರಹದ ಜೀವವೇ ಅದಾಗಿತ್ತು. ಭಾನುವಾರ ಓದಿದೆ. ಮಂಗಳವಾರದೊಳಗೆ ಸುದ್ದಿ ಬೇಲಿ ದಾಟಿತ್ತು. ಆ ವರ್ಷದಿಂದ ಅವರ ಮರದ ಅಪ್ಪೆಮಿಡಿ ನಮ್ಮ ಮನೆಗೆ ಬರುವುದು ನಿಂತಿತು. ಎರಡು ವರ್ಷ ಪೇಟೆಯ ಮಿಡಿ ತಂದು ಉಪ್ಪಿನಕಾಯಿ ಹಾಕಿದೆ, ಒಂದಕ್ಕೂ ಆ ಪರಿಮಳವಿಲ್ಲ. ಈಗ ಅಂಥವನ್ನು ಬರೆದು ಹಪ್ಪಳದ ಡಬ್ಬಿಯ ತಳಕ್ಕೆ ಹಾಕುತ್ತೇನೆ. ಸತ್ಯ ಬರೆಯುವುದಕ್ಕೂ ಅದನ್ನು ಓದಿ ಹೇಳುವುದಕ್ಕೂ ನಡುವೆ ಎರಡು ಮಾವಿನ ಕಾಲವಾದರೂ ಕಳೆಯಲಿ.

ಒಂದೊಂದು ಸಾಲು ಸರಿ, ಇಡೀ ಬರಹ ಮುಗಿಸುವುದು ಯಾವಾಗ?

ನಮ್ಮ ಕೂಟದಲ್ಲಿ ಮಳೆ ನಕ್ಷತ್ರವನ್ನೇ ಗಡುವು ಮಾಡಿಕೊಂಡಿದ್ದೇವೆ. ವರ್ಷಕ್ಕೆ 27 ನಕ್ಷತ್ರ, ಒಂದೊಂದಕ್ಕೆ 13 ಅಥವಾ 14 ದಿನ. ನಕ್ಷತ್ರ ಬದಲಾಗುವುದರೊಳಗೆ, ಬರೆದ ಸಾಲುಗಳಲ್ಲಿ ಯಾವುದು ಮತ್ತೆ ಮತ್ತೆ ಕಾಡುತ್ತದೋ ಅದನ್ನು ಹಿಡಿದು ಒಂದೆರಡು ಪುಟ ಮುಗಿಸುವುದು. ವಾರಕ್ಕೊಂದು ಎಂದರೆ ಉಸಿರು ಕಟ್ಟುತ್ತದೆ, ತಿಂಗಳಿಗೊಂದು ಎಂದರೆ ಕೊನೆಯ ದಿನದವರೆಗೆ ಯಾರೂ ಪೆನ್ನು ಮುಟ್ಟುವುದಿಲ್ಲ. ‘ಆರಿದ್ರಾ ಮುಗಿಯುತ್ತ ಬಂತು, ನಿಮ್ಮದು ಎಲ್ಲಿಗೆ ಬಂತು?’ ಎಂದು ಸಂತೆಯಲ್ಲಿ ಕೇಳುವವರೂ ಇದ್ದಾರೆ. 27ರಲ್ಲಿ 15 ಮುಗಿಸಿದವರು ನಮ್ಮಲ್ಲಿ ದೊಡ್ಡ ಬರಹಗಾರರು. ನನ್ನ ದಾಖಲೆ 19. ಅದು ಕಾಲು ಮುರಿದುಕೊಂಡು ಮನೆಯಲ್ಲಿ ಕುಳಿತ ವರ್ಷ.

ನಡುವೆ ಬಿಟ್ಟುಹೋದ ದಿನಗಳನ್ನು ಆಮೇಲೆ ತುಂಬಬಹುದೇ?

ಮಾವನವರಿಗೆ ಒಮ್ಮೆ ಪುಷ್ಯ ಮಳೆಯಲ್ಲಿ ಎದೆನೋವು ಬಂದು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದೆವು. ಮನೆಯವರೆಲ್ಲ ಅತ್ತಿತ್ತ ಓಡಾಡುತ್ತಿದ್ದುದರಿಂದ ಹನ್ನೊಂದು ದಿನ ಮಾಪಕದ ಹತ್ತಿರ ಯಾರೂ ಹೋಗಲಿಲ್ಲ. ಅದು ತುಂಬಿ, ಚೆಲ್ಲಿ, ಮತ್ತೆ ತುಂಬಿತು. ಅವರು ಮನೆಗೆ ಬಂದ ಮರುದಿನ ಪುಸ್ತಕ ಕೇಳಿದರು. ಮೇಲಿನ ಮನೆಯವರೂ ಮಳೆ ಅಳೆಯುತ್ತಾರೆ. ಅವರ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ತಂದಿಟ್ಟಿದ್ದೆ, ನಕಲು ಮಾಡಿಕೊಳ್ಳಲಿ ಎಂದು. ಚೀಟಿಯನ್ನು ಓದಿ, ಮಡಚಿ, ಕನ್ನಡಕದ ಪೆಟ್ಟಿಗೆಯೊಳಗೆ ಇಟ್ಟರು. ಹನ್ನೊಂದು ತಾರೀಖುಗಳನ್ನೂ ಒಂದರ ಕೆಳಗೊಂದು ಬರೆದರು. ಮಳೆಯ ಅಂಕಣದಲ್ಲಿ ಮೇಲಿನಿಂದ ಕೆಳಗೆ ಒಂದು ಗೆರೆ ಎಳೆದು, ಷರಾದಲ್ಲಿ ‘ಊರಿನಲ್ಲಿ ಇರಲಿಲ್ಲ’ ಎಂದು ಬರೆದರು. ಆಮೇಲೆ ನನ್ನ ಕೈ ಹಿಡಿದುಕೊಂಡು ಅಂಗಳಕ್ಕೆ ಇಳಿದು, ಮಾಪಕ ನೋಡಿ ಬಂದು, ಅದರ ಕೆಳಗಿನ ಸಾಲಿನಲ್ಲಿ ಆ ದಿನದ ಮಳೆ ಬರೆದರು: 1 ಇಂಚು 15 ಸೆಂಟ್ಸ್.